ಎಂಜಿನ್ ಸಿಕ್ಕಿತು, ಬೋಲ್ಟು ಸಿಗಲಿಲ್ಲ



ಕಳೆದ ಸಲ ಈ ಕಾರ್ಯಕ್ರಮಕ್ಕೆ ಬಂದಾಗ ಹಳೆಯ ಗಾಡಿಗಳ ಬಗ್ಗೆ ನಾಲ್ಕು ಮಾತಾಡಿ ಹೋಗಿದ್ದೆ. ಆಮೇಲೆ ಬಂದ ಫೋನುಗಳಲ್ಲಿ ಒಂದು ಡೊಂಬಿವಲಿಯಿಂದ. ಮಾತಾಡಿದ್ದು ಒಬ್ಬ ಶಿಕ್ಷಕಿ. "ಮಾಮ, ಶಿರಸಿ ಹತ್ತಿರ ನಮ್ಮ ಊರಲ್ಲಿ ಅಪ್ಪನ ಫಾರ್ಗೊ ಪಿಕಪ್ ಒಂದು ನಿಂತಿದೆ. ಎಂಜಿನ್ ಇಲ್ಲ. ಅಪ್ಪನಿಗೆ ಎಂಬತ್ತನಾಲ್ಕು. ಒಂದು ಸಲ ಅದು ಅಂಗಳದಲ್ಲಿ ಓಡುವುದನ್ನು ನೋಡಬೇಕು ಅಂತಾರೆ. ಬೇರೆ ಎಂಜಿನ್ ಕೂರಿಸಲು ಆಗುತ್ತದೆಯೆ?"

ಆಗುತ್ತದೆ ಎಂದೆ. ಹೇಳುವುದು ಸುಲಭ ನೋಡಿ. ಎಂಜಿನ್ ಹುಡುಕಲು ನಮಗೆ ಹಿಡಿದದ್ದು ಎರಡು ದಿನ. ಆ ಎಂಜಿನನ್ನು ಆ ಗಾಡಿಗೆ ಕಟ್ಟುವ ಬೋಲ್ಟು, ಬ್ರಾಕೆಟ್ಟು, ರಬ್ಬರು, ಫ್ಲ್ಯಾಂಜು ಹುಡುಕಲು ಐದು ತಿಂಗಳು. ಇವತ್ತು ನಾನು ಮಾತಾಡುವುದು ಆ ಐದು ತಿಂಗಳ ಬಗ್ಗೆ. ನಿಮ್ಮಲ್ಲಿ ಎಷ್ಟೋ ಜನರ ಊರಿನ ಕೊಟ್ಟಿಗೆಯಲ್ಲಿ ಇಂಥದೊಂದು ಗಾಡಿ ಟಾರ್ಪಾಲು ಹೊದ್ದು ಮಲಗಿದೆ ಎಂಬುದು ಆ ಫೋನುಗಳಿಂದಲೇ ಗೊತ್ತಾಯಿತು.

ಫಾರ್ಗೊ ಎಂದರೆ ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಡಾಡ್ಜ್, ಫಾರ್ಗೊ ಎರಡೂ ಅಮೆರಿಕದ ಕ್ರೈಸ್ಲರ್ ಕಂಪನಿಯ ಹೆಸರುಗಳು. 1940ರ ದಶಕದ ಕೊನೆಯಿಂದ ಇವನ್ನು ಇಲ್ಲೇ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಯಲ್ಲಿ ಜೋಡಿಸುತ್ತಿದ್ದರು. ನಾನು 1978ರಲ್ಲಿ ಕುಂದಾಪುರದ ಕಡೆಯಿಂದ ಬಂದು, ಹಗಲು ಗ್ಯಾರೇಜು, ಸಂಜೆ ಕನ್ನಡ ರಾತ್ರಿಶಾಲೆ ಎಂದು ದಿನ ತೆಗೆಯುತ್ತಿದ್ದಾಗ ಅಂಥ ಲಾರಿಗಳು ಇನ್ನೂ ರಸ್ತೆಯಲ್ಲಿದ್ದವು. ಶಿರಸಿಯ ಈ ಪಿಕಪ್ಪಿನ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನನ್ನು 1973ರ ಪೆಟ್ರೋಲ್ ಬೆಲೆಯೇರಿಕೆಯ ನಂತರ ಬಿಚ್ಚಿ ಮಾರಿದ್ದರಂತೆ. ಚಾಸಿ, ಗಿಯರ್‌ಬಾಕ್ಸ್, ಹಿಂದಿನ ಆಕ್ಸಲ್ ಉಳಿದಿದ್ದವು. ಅಡಿಕೆ ಚಪ್ಪರದಡಿ ಇದ್ದದ್ದರಿಂದ ತುಕ್ಕು ಕಡಿಮೆ.

ಮೊದಲು ಕಾಗದಪತ್ರದ ಮಾತು. ಇದನ್ನು ಕೊನೆಗೆ ಇಟ್ಟುಕೊಂಡವರು ಅಳುವುದನ್ನು ನೋಡಿದ್ದೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಎಂಜಿನ್ ಬದಲಿಸಲು ಆರ್.ಟಿ.ಓ. ಅನುಮತಿ ಬೇಕು. ಪೆಟ್ರೋಲಿನಿಂದ ಡೀಸೆಲಿಗೆ ಹೋಗುವುದಾದರೆ ಇನ್ನೂ ಬಿಗಿ. 2021ರಲ್ಲಿ ಬಂದ ವಿಂಟೇಜ್ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ ಖಾಸಗಿ ಗಾಡಿಗೆ ವಿಶೇಷ ನೋಂದಣಿ ಉಂಟು. ಆದರೆ ಎಂಜಿನ್, ಚಾಸಿ, ಬಾಡಿ ಮೂಲರೂಪದಲ್ಲಿರಬೇಕು. ಆದ್ದರಿಂದ ನಿಮ್ಮ ಗಾಡಿಯಲ್ಲಿ ಹಳೆಯ ಎಂಜಿನ್ ಇದ್ದು, ರಿಪೇರಿಗೆ ದಾರಿ ಇದ್ದರೆ, ದಯವಿಟ್ಟು ಅದನ್ನೇ ರಿಪೇರಿ ಮಾಡಿಸಿ. ನಮ್ಮದರಲ್ಲಿ ಎಂಜಿನ್ನೇ ಇರಲಿಲ್ಲ. ಅರ್ಜಿ ಹಾಕಿದ್ದೇವೆ, ಉತ್ತರ ಬರುವವರೆಗೆ ಗಾಡಿ ಅವರ ತೋಟದ ಅಂಗಳ ಬಿಟ್ಟು ಹೊರಗೆ ಹೋಗುವುದಿಲ್ಲ ಎಂದು ಮೊದಲ ದಿನವೇ ಮಾತಾಗಿತ್ತು. ದೆಹಲಿಯ ಕೇಳುಗರೆ, ಹಳೆಯ ಡೀಸೆಲ್ ಗಾಡಿಗಳ ಮೇಲೆ ನಿಮ್ಮಲ್ಲಿ ಬಂದ ಆದೇಶಗಳು ನಿಮಗೇ ಗೊತ್ತು, ಕಾಸು ಬಿಚ್ಚುವ ಮೊದಲು ವಿಚಾರಿಸಿ.

ನಾವು ಆರಿಸಿದ್ದು ಟಾಟಾದ 497. ಈ ಅಂಕಿಯಲ್ಲಿ ಗುಟ್ಟೇನಿಲ್ಲ. 4 ಅಂದರೆ ನಾಲ್ಕು ಸಿಲಿಂಡರು, 97 ಅಂದರೆ ಸಿಲಿಂಡರಿನ ವ್ಯಾಸ 97 ಮಿಲಿಮೀಟರ್. 2956 ಸಿ.ಸಿ. 1986ರಲ್ಲಿ ಬಂದ ಟಾಟಾ 407 ಗಾಡಿಯಿಂದ ಊರೂರಿಗೂ ಹೋದ ಎಂಜಿನ್ ಇದು. ಶಿರಸಿಯ ಮೇಸ್ತ್ರಿಗೂ ಇದರ ಕೈವಾಡ ಗೊತ್ತು, ಬಿಡಿಭಾಗ ಪೇಟೆಯಲ್ಲಿ ಸಿಗುತ್ತದೆ. ಅಪರೂಪದ ಎಂಜಿನ್ ಆರಿಸಿ ಮೆರೆದವರ ಗಾಡಿ ಎರಡನೇ ವರ್ಷ ಮತ್ತೆ ಚಪ್ಪರದಡಿಗೇ ಹೋಗುತ್ತದೆ.

ಕುರ್ಲಾದ ಸಿ.ಎಸ್.ಟಿ. ರಸ್ತೆಯ ಗುಜರಿಯಲ್ಲಿ ಎಂಜಿನ್ ನೋಡಲು ಹೋದಾಗ ಶಿಕ್ಷಕಿಯ ತಮ್ಮನೂ ಪುಣೆಯಿಂದ ಬಂದಿದ್ದ. ಕಂಪ್ಯೂಟರ್ ಕೆಲಸದ ಹುಡುಗ, ಲೆಕ್ಕ ಚೆನ್ನಾಗಿ ಹಾಕುತ್ತಾನೆ. "ಬರೀ ಎಂಜಿನ್ ತಗೊಂಡ್ರೆ ಅಗ್ಗ ಅಲ್ವಾ ಮಾಮ? ಗಿಯರ್‌ಬಾಕ್ಸ್ ನಮ್ಮದೇ ಇದೆಯಲ್ಲ" ಎಂದ. ಇಲ್ಲೇ ತೊಂಬತ್ತು ಪಾಲು ಜನ ಎಡವುವುದು. ಟಾಟಾ ಎಂಜಿನ್ನಿಗೆ ಫಾರ್ಗೊ ಗಿಯರ್‌ಬಾಕ್ಸ್ ಕಟ್ಟಬೇಕಾದರೆ ನಡುವೆ ಒಂದು ಅಡಾಪ್ಟರ್ ಪ್ಲೇಟು ಬೇಕು. ಕ್ಲಚ್ ಪ್ಲೇಟಿನ ಹಲ್ಲುಗಳು ಗಿಯರ್‌ಬಾಕ್ಸ್ ಶಾಫ್ಟಿಗೆ ಹೊಂದಬೇಕು. ಶಾಫ್ಟಿನ ತುದಿ ಕೂರುವ ಪೈಲಟ್ ಬೇರಿಂಗು ಬೇರೆ ಅಳತೆಯದಾಗಬೇಕು. ಸ್ಟಾರ್ಟರಿಗೆ ಜಾಗ ಸಿಗಬೇಕು. ಎಲ್ಲಕ್ಕಿಂತ ಮುಖ್ಯ, ಗಿಯರ್‌ಬಾಕ್ಸಿನ ನಡುಗೆರೆ ಕ್ರ್ಯಾಂಕ್‌ಶಾಫ್ಟಿನ ನಡುಗೆರೆಗೆ ಸರಿಯಾಗಿ ಕೂರಬೇಕು. ಡಯಲ್ ಗೇಜು ಹಿಡಿದು ತಿರುಗಿಸಿದಾಗ ಮುಳ್ಳು 0.2 ಮಿ.ಮೀ.ಗಿಂತ ಹೆಚ್ಚು ಓಡಿದರೆ ನಾನು ಆ ಪ್ಲೇಟನ್ನು ವಾಪಸು ಲೇತಿಗೆ ಕಳಿಸುತ್ತೇನೆ. ಇಷ್ಟೆಲ್ಲದರ ಖರ್ಚು ಕೂಡಿಸಿ ತೋರಿಸಿದಾಗ ಹುಡುಗ ಸುಮ್ಮನಾದ. ಎಂಜಿನ್, ಬೆಲ್ ಹೌಸಿಂಗ್, ಕ್ಲಚ್, ಗಿಯರ್‌ಬಾಕ್ಸ್, ಮುಂದಿನ ಹಿಂದಿನ ಮೌಂಟಿಂಗ್, ಪ್ರೊಪೆಲ್ಲರ್ ಶಾಫ್ಟಿನ ಮುಂಭಾಗ, ಇವುಗಳ ಬೋಲ್ಟುಗಳೆಲ್ಲ ಒಂದು ಗೋಣಿಚೀಲದಲ್ಲಿ, ಎಲ್ಲ ಒಂದೇ ಗಾಡಿಯದು. ಹಾಗೆ ತಂದೆವು. ಬಿಲ್ಲು, ಎಂಜಿನ್ ನಂಬರು, ಅದು ಬಂದ ಗಾಡಿಯ ಕಾಗದದ ಪ್ರತಿ ಕೇಳಿ ಪಡೆದೆವು. ಕಾಗದವಿಲ್ಲದ ಎಂಜಿನ್ ಎಷ್ಟೇ ಅಗ್ಗವಾಗಿರಲಿ, ಮುಟ್ಟಬೇಡಿ.

ಗೆಳೆಯರೊಬ್ಬರು ಜನರೇಟರಿನ ಎಂಜಿನ್ ಹಾಕಬಹುದೆ ಎಂದು ಕೇಳಿದ್ದರು. ಅವರಿಗಾಗಿ ಒಂದು ಮಾತು: ಅಂಥ ಎಂಜಿನ್‌ಗಳ ಹಿಂಭಾಗದ ಹೌಸಿಂಗಿಗೆ ಎಸ್.ಎ.ಇ. ನಂಬರುಗಳಿರುತ್ತವೆ. 3ನೇ ನಂಬರಿನದಾದರೆ ಬೋಲ್ಟುಗಳು ಕೂರುವ ವೃತ್ತ 428.6 ಮಿ.ಮೀ., 4ನೆಯದಾದರೆ 381 ಮಿ.ಮೀ. ಎರಡಕ್ಕೂ ಹನ್ನೆರಡು ಬೋಲ್ಟು. ಎಂಜಿನ್, ಗಿಯರ್‌ಬಾಕ್ಸ್ ಎರಡರ ನಂಬರೂ ಒಂದೇ ಆದರೆ ಅರ್ಧ ತಲೆನೋವು ಹೋಯಿತು.

ಈಗ ಚೂಡಿಯ ವಿಷಯ. ಬೋಲ್ಟಿನ ಥ್ರೆಡ್ಡಿಗೆ ಮುಂಬಯಿ ಬಜಾರಿನಲ್ಲಿ ಚೂಡಿ ಅನ್ನುತ್ತಾರೆ. ನಾಗದೇವಿ ಸ್ಟ್ರೀಟಿಗೆ ಹೋಗಿ ಬೋಲ್ಟು ಕೇಳಿದರೆ ಅಂಗಡಿಯವನ ಮೊದಲ ಪ್ರಶ್ನೆ, "ಕಿತನಾ ಸೂತ್?" ಒಂದು ಸೂತು ಅಂದರೆ ಇಂಚಿನ ಎಂಟನೆಯ ಒಂದು ಪಾಲು. ಮೂರು ಸೂತು ಎಂದರೆ ಮುಕ್ಕಾಲಿನ ಅರ್ಧ ಇಂಚು, ನಾಲ್ಕು ಸೂತು ಎಂದರೆ ಅರ್ಧ ಇಂಚು. ಆದರೆ ದಪ್ಪ ಹೇಳಿದರೆ ಬೋಲ್ಟಿನ ಅರ್ಧ ಜಾತಕ ಮಾತ್ರ ಹೇಳಿದಂತೆ. ಚೂಡಿ ಯಾವ ಪದ್ಧತಿಯದು?

ಮೂರು ಪದ್ಧತಿಗಳು ನಮ್ಮ ದೇಶದ ಹಳೆಯ ಗಾಡಿಗಳಲ್ಲಿ ಕಲಸಿಹೋಗಿವೆ. ಬ್ರಿಟಿಷರ ವಿಟ್‌ವರ್ತ್, ಅದರ ಚೂಡಿಯ ಕೋನ 55 ಡಿಗ್ರಿ. ಅಮೆರಿಕದ್ದು 60 ಡಿಗ್ರಿ. 1948ರಲ್ಲಿ ಅಮೆರಿಕ, ಕೆನಡಾ, ಬ್ರಿಟನ್ ಕೂಡಿ ಒಪ್ಪಿಕೊಂಡ ಯೂನಿಫೈಡ್ ಪದ್ಧತಿಯೂ 60. ಇದರಲ್ಲಿ ದಪ್ಪ ಚೂಡಿಯದು ಯು.ಎನ್.ಸಿ., ಸಣ್ಣ ಚೂಡಿಯದು ಯು.ಎನ್.ಎಫ್. ಮೂರನೆಯದು ಮಿಲಿಮೀಟರಿನ ಮೆಟ್ರಿಕ್. ಟಾಟಾ ಗಾಡಿಗಳು ಮರ್ಸಿಡಿಸ್ ಬೆಂಜ್ ಮೂಲದವಾದ್ದರಿಂದ ಮೆಟ್ರಿಕ್. ಫಾರ್ಗೊ ಅಮೆರಿಕದ್ದು. ಅಂದರೆ ನಮ್ಮ ಪಿಕಪ್ಪಿನಲ್ಲಿ ಮುಂಭಾಗ ಮಿಲಿಮೀಟರು, ಹಿಂಭಾಗ ಇಂಚು.

ಪೂರ್ತಿ ಹೊಂದದ ಬೋಲ್ಟು ಅಪಾಯಕಾರಿಯಲ್ಲ, ಅದು ಒಳಗೇ ಹೋಗುವುದಿಲ್ಲ. ಅಪಾಯ ಇರುವುದು ಹೆಚ್ಚುಕಡಿಮೆ ಹೊಂದುವುದರಲ್ಲಿ. ಮೂರು ಸೂತಿನ ಬೋಲ್ಟು 9.5 ಮಿ.ಮೀ. ದಪ್ಪ. ಅದನ್ನು 10 ಮಿ.ಮೀ. ಮೆಟ್ರಿಕ್ ತೂತಿಗೆ ಇಟ್ಟರೆ ಕೆಲವು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾಗುತ್ತದೆ. ಬಿಗಿಯಾಯಿತು ಎಂದು ಹುಡುಗ ಪಾನಾ ಕೆಳಗಿಡುತ್ತಾನೆ. ಅದು ಬಿಗಿದದ್ದಲ್ಲ, ಚೂಡಿಗೆ ಚೂಡಿ ಸಿಕ್ಕಿಕೊಂಡದ್ದು. ಇನ್ನು ಅರ್ಧ ಇಂಚಿನಲ್ಲಿ ವಿಟ್‌ವರ್ತಿಗೆ ಇಂಚಿಗೆ 12 ಚೂಡಿ, ಯು.ಎನ್.ಸಿ.ಗೆ 13. ಕಣ್ಣಿಗೆ ಎರಡೂ ಒಂದೇ.

ಈ 12 ಮತ್ತು 13ರ ವ್ಯತ್ಯಾಸ ನಾನು ಪುಸ್ತಕದಿಂದ ಕಲಿತದ್ದಲ್ಲ. 1991ರ ಮಳೆಗಾಲ. ನಾನು ಆಗ ಕೆಲಸ ಮಾಡುತ್ತಿದ್ದ ಗ್ಯಾರೇಜಿನಲ್ಲಿ ಒಂದು ಹಳೆಯ ಅಮೆರಿಕನ್ ಲಾರಿಗೆ ಡೀಸೆಲ್ ಎಂಜಿನ್ ಕೂರಿಸಿದೆವು. ಮುಂದಿನ ಮೌಂಟಿಂಗಿನ ನಾಲ್ಕು ಬೋಲ್ಟುಗಳನ್ನು ನಾನೇ ಹಾಕಿದ್ದು. ಡಬ್ಬಿಯಲ್ಲಿ ಸಿಕ್ಕಿದ ಅರ್ಧ ಇಂಚಿನವು. ಎರಡು ಸಲೀಸಾಗಿ ಹೋದವು, ಎರಡು ಬಿಗಿ ಇದ್ದವು, ಪಾನಾಕ್ಕೆ ಪೈಪು ಹಾಕಿ ತಿರುಗಿಸಿದೆ. ಮಾಲೀಕರಿಗೆ ಅವಸರವಿತ್ತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅವಸರ ನನ್ನದೂ ಆಗಿತ್ತು. ಹತ್ತನೇ ದಿನ ಆ ಲಾರಿ ಸಾವಂತವಾಡಿಯಿಂದ ಬೆಳಗಾವಿ ಕಡೆಗೆ ಆಂಬೋಲಿ ಘಾಟಿ ಹತ್ತುತ್ತಿದ್ದಾಗ ಆ ಎರಡು ಬೋಲ್ಟುಗಳ ಚೂಡಿ ಕಿತ್ತುಬಂತು. ಎಂಜಿನ್ ಒಂದು ಮಗ್ಗುಲು ಎದ್ದಿತು. ಎದ್ದ ಎಂಜಿನ್ ಆಕ್ಸಿಲರೇಟರ್ ಕಡ್ಡಿಯನ್ನು ಎಳೆಯಿತು. ಕಡ್ಡಿ ಎಳೆದಂತೆ ಎಂಜಿನ್ ಇನ್ನೂ ಜೋರಾಗಿ ಓಡಿತು, ಜೋರಾದಂತೆ ಇನ್ನೂ ಎದ್ದಿತು. ಡ್ರೈವರ್ ಬುದ್ಧಿವಂತ, ಕ್ಲಚ್ ಒತ್ತಿ ಗಾಡಿಯನ್ನು ಗುಡ್ಡದ ಕಡೆಗೆ ತಾಗಿಸಿದ. ಕ್ಲೀನರ್ ಹುಡುಗ ಹೆದರಿ ಹಾರಿಬಿಟ್ಟಿದ್ದ. ಕಾಲು ಎರಡು ಕಡೆ ಮುರಿಯಿತು. ಬೆಳಗಾವಿಯ ಆಸ್ಪತ್ರೆಯಲ್ಲಿ ನೋಡಲು ಹೋದಾಗ ಅವನು, "ಅಣ್ಣಾ, ಬೋಲ್ಟ್ ಲೂಜ್ ಇತ್ತೇನ್ರಿ?" ಎಂದು ಕೇಳಿದ. ಲೂಜ್ ಇರಲಿಲ್ಲ. ತಪ್ಪು ಬೋಲ್ಟು.

ದೊಡ್ಡ ಕಂಪನಿಗಳೂ ಇದರಿಂದ ಪಾಠ ಕಲಿತಿವೆ. 1971ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಎಂಜಿನ್ ಮೌಂಟಿಂಗಿನ ತೊಂದರೆಗಾಗಿಯೇ ಸುಮಾರು 67 ಲಕ್ಷ ಶೆವ್ರೊಲೆ ಗಾಡಿಗಳನ್ನು ವಾಪಸು ಕರೆಸಿತ್ತು. ಅಲ್ಲಿ ಹರಿದದ್ದು ರಬ್ಬರು. ಆದರೆ ಮುಂದೆ ನಡೆಯುತ್ತಿದ್ದದ್ದು ಇದೇ: ಎಂಜಿನ್ ಏಳುವುದು, ಕಡ್ಡಿ ಎಳೆಯುವುದು.

ಆ ಮಳೆಗಾಲದ ನಂತರ ನನ್ನ ಜೇಬಿನಲ್ಲಿ ಎರಡು ಥ್ರೆಡ್ ಗೇಜುಗಳಿರುತ್ತವೆ, ಒಂದು ಇಂಚಿನದು, ಒಂದು ಮಿಲಿಮೀಟರಿನದು. ಚಾಕುವಿನ ಹಾಗೆ ಮಡಚುವ ಎಲೆಗಳು, ಚೂಡಿಗೆ ಒತ್ತಿ ಬೆಳಕಿಗೆ ಹಿಡಿದರೆ ಸಂದು ಕಾಣಬಾರದು. ಬೆಲೆ ಒಂದು ಹೊತ್ತಿನ ಹೋಟೆಲ್ ಊಟದಷ್ಟೂ ಇಲ್ಲ. ಗೇಜು ಇಲ್ಲದವರು ಒಂದು ಪರೀಕ್ಷೆ ಮಾಡಿ: ತೂತನ್ನು ತೊಳೆದು, ಎಣ್ಣೆ ಸವರಿ, ಬೋಲ್ಟನ್ನು ಬರೀ ಬೆರಳಲ್ಲಿ ತಿರುಗಿಸಿ. ತಲೆ ಕೂರುವವರೆಗೂ ಬೆರಳಲ್ಲೇ ಹೋಗಬೇಕು. ಮೂರು ಸುತ್ತು ಹೋಗಿ ನಿಂತರೆ ಹೊರಗೆ ತೆಗೆಯಿರಿ, ಪೈಪು ಹುಡುಕಬೇಡಿ.

ಉದ್ದವನ್ನೂ ನೋಡಬೇಕು. ಎರಕದ ಕಬ್ಬಿಣದ ಬ್ಲಾಕಿನೊಳಗೆ ಬೋಲ್ಟು ತನ್ನ ದಪ್ಪದ ಒಂದೂವರೆ ಪಟ್ಟಾದರೂ ಇಳಿದಿರಬೇಕು, ಅಲ್ಯೂಮಿನಿಯಮ್ಮಿನಲ್ಲಾದರೆ ಎರಡು ಪಟ್ಟು. ಹಾಗೆಂದು ಉದ್ದ ಹೆಚ್ಚಾದರೆ ತೂತಿನ ತಳಕ್ಕೆ ತಾಗಿ ನಿಲ್ಲುತ್ತದೆ. ಪಾನಾಕ್ಕೆ ಬಿಗಿ ಅನ್ನಿಸುತ್ತದೆ, ಬ್ರಾಕೆಟ್ಟು ಮಾತ್ರ ಅಲ್ಲಾಡುತ್ತಿರುತ್ತದೆ. ಇನ್ನೂ ತಿರುಗಿಸಿದರೆ ಬ್ಲಾಕು ಸೀಳಬಹುದು. ಬೆಂಕಿಕಡ್ಡಿ ಇಳಿಸಿ ಆಳ ಅಳೆದುಕೊಳ್ಳಿ, ನಾನಂತೂ ಈಗಲೂ ಹಾಗೇ ಮಾಡುವುದು.

ಬೋಲ್ಟಿನ ತಲೆಯ ಮೇಲೆ ಬರಹ ಇರುತ್ತದೆ, ಯಾರೂ ಓದುವುದಿಲ್ಲ. ಮೆಟ್ರಿಕ್‌ನಲ್ಲಿ 8.8, 10.9, 12.9. ಮೊದಲ ಅಂಕಿಯನ್ನು ನೂರರಿಂದ ಗುಣಿಸಿದರೆ ಅದು ತಡೆಯುವ ಎಳೆತ, ಮೆಗಾಪ್ಯಾಸ್ಕಲ್ ಲೆಕ್ಕದಲ್ಲಿ. ಎರಡನೆಯದು ಅದರ ಎಷ್ಟನೇ ಪಾಲಿಗೆ ಬೋಲ್ಟು ಹಿಗ್ಗಲು ಶುರುವಾಗುತ್ತದೆ ಎಂಬುದು. 8.8 ಅಂದರೆ 800, ಅದರ ನೂರಕ್ಕೆ 80ರಲ್ಲಿ, ಅಂದರೆ 640ರಲ್ಲಿ ಹಿಗ್ಗು. ಅಮೆರಿಕದವುಗಳಲ್ಲಿ ಅಂಕಿಯ ಬದಲು ಗೆರೆ: ಮೂರು ಗೆರೆ ಇದ್ದರೆ ಗ್ರೇಡ್ 5, ಆರು ಗೆರೆ ಇದ್ದರೆ ಗ್ರೇಡ್ 8. ಬಜಾರಿನಲ್ಲಿ ಎಲ್ಲಕ್ಕೂ ಒಂದೇ ಹೆಸರು, "ಹೈಟೆನ್ಶನ್ ಬೋಲ್ಟ್". ತಲೆಯ ಮೇಲೆ 8.8 ಎಂದಿದ್ದು ತಯಾರಕರ ಗುರುತು ಇಲ್ಲದಿದ್ದರೆ ನಾನು ಮೌಂಟಿಂಗಿಗೆ ಹಾಕುವುದಿಲ್ಲ. ಗೇಟಿಗೆ, ಬೆಂಚಿಗೆ ಹಾಕಿಕೊಳ್ಳಿ.

ಶಿರಸಿಗೆ ಬರೋಣ. ಎಂಜಿನ್ನನ್ನು ಚೈನ್ ಪುಲ್ಲಿಯಲ್ಲಿ ಇಳಿಬಿಟ್ಟು ಎರಡು ದಿನ ಸುಮ್ಮನೆ ಅಳತೆ ತೆಗೆದೆವು. ಸಂಪು ಮುಂದಿನ ಆಕ್ಸಲಿಗೆ ತಾಗುತ್ತದೆಯೆ, ಸ್ಪ್ರಿಂಗ್ ಪಾಟಾ ಕುಗ್ಗಿದಾಗಲೂ ಸಂದು ಉಳಿಯುತ್ತದೆಯೆ, ಬಲಗಡೆ ಸ್ಟಿಯರಿಂಗ್ ಬಾಕ್ಸಿಗೆ ಜಾಗ ಇದೆಯೆ, ಫ್ಯಾನು ರೇಡಿಯೇಟರಿನಿಂದ ಎಷ್ಟು ದೂರ. ಬ್ರಾಕೆಟ್ಟುಗಳನ್ನು ಮೊದಲು ಪ್ಲೈವುಡ್ಡಿನಲ್ಲಿ ಕತ್ತರಿಸಿ ನೋಡಿ, ಆಮೇಲೆ 8 ಮಿ.ಮೀ. ಉಕ್ಕಿನ ಪ್ಲೇಟಿನಲ್ಲಿ ಮಾಡಿಸಿದೆವು. ಚಾಸಿಯ ನಿಂತ ಗೋಡೆಗೆ ಮಾತ್ರ ತೂತು ಕೊರೆದೆವು, ಮೇಲಿನ ಕೆಳಗಿನ ಮಡಿಕೆಗೆ ತೂತೂ ಇಲ್ಲ, ವೆಲ್ಡಿಂಗೂ ಇಲ್ಲ. ಚಾಸಿಗೆ ಬಲ ಇರುವುದು ಆ ಮಡಿಕೆಗಳಲ್ಲಿ, ಸೀಳು ಶುರುವಾಗುವುದೂ ಅಲ್ಲೇ. ನೈಲಾಕ್ ನಟ್ಟುಗಳನ್ನು ಸೈಲೆನ್ಸರ್ ಪೈಪಿನ ಹತ್ತಿರ ಬಿಟ್ಟು ಉಳಿದೆಡೆ ಹಾಕಿದೆವು, ಬಿಸಿಗೆ ಒಳಗಿನ ನೈಲಾನ್ ಉಳಿಯುವುದಿಲ್ಲ.

ಎಂಜಿನ್ ಕೂರುವ ಓರೆಯನ್ನು ಕಣ್ಣಂದಾಜಿನಲ್ಲಿ ಬಿಡಬಾರದು. ಅದು ಹಿಂದಕ್ಕೆ 3 ಡಿಗ್ರಿ ಇಳಿದಿದ್ದರೆ ಡಿಫರೆನ್ಶಿಯಲ್ಲಿನ ಮೂತಿ 3 ಡಿಗ್ರಿ ಮೇಲಕ್ಕೆ ನೋಡಬೇಕು. ಇಲ್ಲದಿದ್ದರೆ ಪ್ರೊಪೆಲ್ಲರ್ ಶಾಫ್ಟು ನಡುಗುತ್ತದೆ, ಕ್ರಾಸ್ ಬೇರಿಂಗು ತಿನ್ನುತ್ತದೆ. ಹುಡುಗ ಮೊಬೈಲನ್ನೇ ಮೂತಿಯ ಮೇಲಿಟ್ಟು ಡಿಗ್ರಿ ಓದಿದ. ನನ್ನ ಹಳೆಯ ಕೋನಮಾಪಕಕ್ಕೂ ಅದಕ್ಕೂ ಅರ್ಧ ಡಿಗ್ರಿ ವ್ಯತ್ಯಾಸವೂ ಬರಲಿಲ್ಲ, ಸ್ವಲ್ಪ ಬೇಸರವೇ ಆಯಿತು.

ಇನ್ನು ವೈರಿಂಗು. ಆ ಕಾಲದ ಕ್ರೈಸ್ಲರ್ ಗಾಡಿಗಳು 6 ವೋಲ್ಟಿನವು, ಅದೂ ಪಾಸಿಟಿವ್ ಅರ್ತ್. ಟಾಟಾ 12 ವೋಲ್ಟು. ಪೂರ್ತಿ ಹೊಸದು ಎಳೆಸಿದೆವು, ಅದರಲ್ಲಿ ಹೇಳುವಂಥದ್ದೇನಿಲ್ಲ.

ನಮ್ಮನ್ನು ನಿಲ್ಲಿಸಿದ್ದು ಎಂಟು ಬೋಲ್ಟುಗಳು. ಪ್ರೊಪೆಲ್ಲರ್ ಶಾಫ್ಟಿನ ಹಿಂದಿನ ತುದಿ ಫಾರ್ಗೊದ ಫ್ಲ್ಯಾಂಜಿಗೆ ಕೂರಬೇಕು. ಅಲ್ಲಿ ಉಳಿದಿದ್ದ ಒಂದು ಹಳೆಯ ಬೋಲ್ಟಿಗೆ ಗೇಜು ಹಿಡಿದರೆ ಮೂರು ಸೂತು, ಇಂಚಿಗೆ 24 ಚೂಡಿ. ಯು.ಎನ್.ಎಫ್. ನಾಗದೇವಿಯಲ್ಲಿ ಆ ಚೂಡಿಯ ಬೋಲ್ಟು ಸಿಕ್ಕಿತು, ಆದರೆ ತಲೆಯಿಂದ ತುದಿಯವರೆಗೂ ಚೂಡಿ. ಅದು ಇಲ್ಲಿ ಆಗದು. ಎರಡು ಫ್ಲ್ಯಾಂಜು ಸೇರುವ ಗೆರೆಯಲ್ಲಿ ಬೋಲ್ಟಿನ ನುಣುಪು ಮೈ ಇರಬೇಕು. ಚೂಡಿ ಇದ್ದರೆ ಅಲ್ಲೇ ಕತ್ತರಿಸುತ್ತದೆ. ಪುಣೆಯ ನಾನಾ ಪೇಟೆಯಲ್ಲಿ ಹುಡುಗ ಎರಡು ಶನಿವಾರ ಅಲೆದ, ಸಿಗಲಿಲ್ಲ. ಒಬ್ಬ ಅಂಗಡಿಯವರು ಮೆಟ್ರಿಕ್ ಹಾಕಿ, ತೂತು ಸ್ವಲ್ಪ ದೊಡ್ಡದು ಮಾಡಿ ಎಂದರು. ಹುಡುಗ ಫೋನು ಮಾಡಿದ. ಬೇಡ ಎಂದೆ. ಆಂಬೋಲಿಯ ಕಥೆ ಅವನಿಗೆ ಹೇಳಿರಲಿಲ್ಲ, ಅವತ್ತು ಹೇಳಿದೆ.

ಆಮೇಲೆ ಹೊಳೆಯಿತು. ಇಂಚಿನ ಚೂಡಿ ನಮ್ಮ ದೇಶದಲ್ಲಿ ಸತ್ತಿಲ್ಲ. ವಿಲ್ಲಿಸ್ ಮೂಲದ ಹಳೆಯ ಜೀಪುಗಳು, ಮೆಸ್ಸಿ ಫರ್ಗ್ಯುಸನ್ ಟ್ರ್ಯಾಕ್ಟರುಗಳು ಇಂಚಿನವೇ. ಲಾರಿ ಅಂಗಡಿಯಲ್ಲಿ ಕೇಳುವುದು ಬಿಟ್ಟು ಜೀಪು, ಟ್ರ್ಯಾಕ್ಟರಿನ ಬಿಡಿಭಾಗದ ಅಂಗಡಿಗೆ ಹೋಗಬೇಕಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಜೀಪಿನ ಭಾಗ ಮಾರುವ ಒಬ್ಬರಿಗೆ ಹಳೆಯ ಬೋಲ್ಟಿನ ಫೋಟೊವನ್ನು ಸ್ಕೇಲಿನ ಪಕ್ಕ ಇಟ್ಟು ಕಳಿಸಿದೆವು. ಆರು ಗೆರೆಯ ಎಂಟು ಬೋಲ್ಟು, ಎಂಟು ನಟ್ಟು, ನುಣುಪು ಮೈ ಬೇಕಾದಷ್ಟು ಉದ್ದ. ಕೊರಿಯರಿನಲ್ಲಿ ಬಂತು. ಚೆನ್ನೈಯವರು ಪುದುಪೇಟೆ, ಹೈದರಾಬಾದಿನವರು ರಾಣಿಗಂಜ್, ದೆಹಲಿಯವರು ಕಾಶ್ಮೀರಿ ಗೇಟ್ ಕಡೆ ಹೋದಾಗ ಈ ಮಾತು ನೆನಪಿರಲಿ. ಬಾಯಲ್ಲಿ ಅಳತೆ ಹೇಳುವುದಕ್ಕಿಂತ ಹಳೆಯ ಬೋಲ್ಟನ್ನೂ ಅದರ ನಟ್ಟನ್ನೂ ಕಾಗದದಲ್ಲಿ ಕಟ್ಟಿಕೊಂಡು ಹೋಗಿ.

ಬಿಗಿಯುವ ದಿನ ಟಾರ್ಕ್ ಪಾನಾ ಬಾಡಿಗೆಗೆ ತಂದಿದ್ದೆವು. 10 ಮಿ.ಮೀ.ನ 8.8 ಬೋಲ್ಟಿಗೆ ಸುಮಾರು 45ರಿಂದ 50 ನ್ಯೂಟನ್ ಮೀಟರು ಸಾಕು. ಎಣ್ಣೆ ಹಚ್ಚಿದ್ದರೆ ಇನ್ನೂ ಕಡಿಮೆ. ಕೈಬಲದ ಮೇಲೆ ನಂಬಿಕೆ ಇಟ್ಟವರು ಬಹಳ ಸಲ ಇದರ ದುಪ್ಪಟ್ಟು ಬಿಗಿದಿರುತ್ತಾರೆ. ಬಿಗಿದ ಪ್ರತಿ ಬೋಲ್ಟಿನ ತಲೆಯಿಂದ ಬ್ರಾಕೆಟ್ಟಿನವರೆಗೆ ಹಳದಿ ಪೇಂಟಿನ ಒಂದು ಗೆರೆ ಎಳೆದೆವು. ಬೋಲ್ಟು ಸಡಿಲಾದರೆ ಗೆರೆ ತಪ್ಪುತ್ತದೆ, ಯಾರಿಗೂ ಕಾಣುತ್ತದೆ.

ಎಂಜಿನ್ ಶುರುವಾದಾಗ ಹಿರಿಯರು ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಸ್ವಲ್ಪ ಹೊತ್ತು ಕೇಳಿ, "ಮೇಸ್ತ್ರಿ, ಇದು ಫಾರ್ಗೊ ಸದ್ದಲ್ಲ" ಎಂದರು. ಅಲ್ಲ ಎಂದೆ. ಆಮೇಲೆ ಮಗಳ ಕೈ ಹಿಡಿದು ಎದ್ದು ಬಂದು ಮುಂದಿನ ಸೀಟಿನಲ್ಲಿ ಕೂತರು. ಅಂಗಳದಲ್ಲಿ ಮೂರು ಸುತ್ತು, ಕೊಟ್ಟಿಗೆಯವರೆಗೆ ಒಮ್ಮೆ. ಇಳಿಯುವಾಗ ಬಿಚ್ಚಿದ ಹಳೆಯ ಬೋಲ್ಟುಗಳೆಲ್ಲ ಎಲ್ಲಿ ಎಂದು ಕೇಳಿದರು. ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಟ್ಟಿದ್ದೆ, ಕೊಟ್ಟೆ.

ಮುಂದಿನ ತಿಂಗಳು ಹಳದಿ ಗೆರೆಗಳನ್ನು ನೋಡಲು ಮತ್ತೆ ಶಿರಸಿಗೆ ಹೋಗುವುದಿದೆ. ಆರ್.ಟಿ.ಓ. ಪತ್ರ ಅಷ್ಟರಲ್ಲಿ ಬಂದರೆ ನಿಮಗೂ ತಿಳಿಸುತ್ತೇನೆ.